ಗುರುಬಸವನ ಟ್ಯಾಗುಗಳು

ಮಸ್ಕಿಯ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ತಪ್ಪಾಯಿತು. ನಿಂತು ಬಂದಿದ್ದರೆ ಗುರುಬಸವ ಫೋನು ತೆಗೆಯುತ್ತಿರಲಿಲ್ಲ.

ಸಿಂಧನೂರಿನ ಖಾಸಗಿ ಕಾಲೇಜೊಂದರಲ್ಲಿ ಅವನು ಗ್ರಂಥಪಾಲಕ. ಓದತಕ್ಕ ಲಿಂಕುಗಳನ್ನು ಕಾಲೇಜಿನವರೆಲ್ಲ ಉಳಿಸಿಟ್ಟು, ಯಾವ ವಿಷಯದ್ದೆಂದು ಟ್ಯಾಗ್ ಹಚ್ಚುವ ಪೇಜೊಂದನ್ನು ಗ್ರಂಥಾಲಯಕ್ಕಾಗಿ ಅವನೇ ಮಾಡಿದ್ದ. ತನಗೆಂದು ಬೇರೆ ಗುಪ್ತ ಖಾತೆಯೂ ಇತ್ತು. ಅದರಲ್ಲಿ ಟ್ಯಾಗುಗಳು ವಿಷಯದವಲ್ಲ, ಮನುಷ್ಯರವು. ‘ಪುಸ್ತಕದ ಹಾಳೆ ಹರಿಯುವವರ ಲಕ್ಷಣಗಳು’ ಎಂಬ ಲೇಖನಕ್ಕೆ ‘ರೇಣುಕಾದೇವಿ ಮೇಡಂ’. ‘ಸುಳ್ಳು ಹೇಳುವವರ ಕಣ್ಣು’ ಎಂಬುದಕ್ಕೆ ‘ಪ್ರಿನ್ಸಿಪಾಲ್’.

ಗ್ರಂಥಾಲಯದ ಬಾಗಿಲಲ್ಲೇ ಇತಿಹಾಸದ ಅಸ್ಮಾ ಮೇಡಂ ಸಿಕ್ಕು ನಕ್ಕರು. “ನಿಮ್ಮ ಪೇಜ್ ಓದಾಕ ಭಾಳ ಛಲೋ ಐತ್ರಿ ಸರ್.”

ಯಾರಾದರೂ ಹೊಗಳಿದರೆ ಜೇಬು ಮುಟ್ಟಿ ನೋಡಿಕೊಳ್ಳುವ ಮನುಷ್ಯ ಗುರುಬಸವ. ಓಡಿ ಹೋಗಿ ಕಂಪ್ಯೂಟರ್ ತೆರೆದ. ಬಸ್ಸಿನ ಕುಲುಕಾಟದಲ್ಲಿ ಒತ್ತಬಾರದ್ದನ್ನು ಒತ್ತಿದ್ದ. ಗುಪ್ತ ಲಿಂಕುಗಳು ನಲವತ್ತೂ ಗ್ರಂಥಾಲಯದ ಪೇಜಿಗೆ ಬಂದು, ಬೀಗರ ಊಟಕ್ಕೆ ಬಂದವರಂತೆ ಸಾಲಾಗಿ ಕೂತಿದ್ದವು.

ಮೂರು ಗಂಟೆಗೆ ಲಿಂಗಸುಗೂರಿನ ಕಾಲೇಜಿನವರು ಈ ಪೇಜ್ ನೋಡಲು ಬರುವವರಿದ್ದರು. ಪ್ರಿನ್ಸಿಪಾಲ್ ಶಿವಶರಣಪ್ಪನವರು ಅದನ್ನು ದೊಡ್ಡ ಪರದೆಯ ಮೇಲೆ ತೋರಿಸುವವರು. ಗುರುಬಸವನ ತಾತ್ಕಾಲಿಕ ನೌಕರಿಯನ್ನು ಮುಂದುವರಿಸುವ ಕಾಗದವಿನ್ನೂ ಅವರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು.

ಒಂದೊಂದೇ ಅಳಿಸತೊಡಗಿದ. ಇಂಟರ್ನೆಟ್ಟು ಎಮ್ಮೆಯಂತೆ ನಡೆಯುತ್ತಿತ್ತು. ಅಷ್ಟರಲ್ಲಿ ರೇಣುಕಾದೇವಿ ಮೇಡಂ ಒಳಗೆ ಬಂದರು. ಅವನು ಪತ್ರಿಕೆಯಿಂದ ಪರದೆ ಮುಚ್ಚಿದ.

“ಪೇಪರ್ ಹೊಚ್ಚೀರಲ್ರಿ. ಕಂಪ್ಯೂಟರಿಗೆ ಥಂಡಿ ಹತ್ತೈತೇನು?”

ಬಿಸಿಲಿಗೆ ಕಣ್ಣು ಕುಕ್ಕುತ್ತದೆಂದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಮೇಡಂ ನಾಲ್ಕೂ ಗೋಡೆಗಳನ್ನೊಮ್ಮೆ ನೋಡಿ ಹೋದದ್ದು ಅವನನ್ನು ಇನ್ನಷ್ಟು ಹೆದರಿಸಿತು.

ಹಿಂದೆಯೇ ಜವಾನ ಯಮನೂರಪ್ಪ ಚಹಾ ತಂದಿಟ್ಟ. “ಸಾಹೇಬ್ರು ಕಳಿಸ್ಯಾರ್ರಿ.”

“ಯಾಕ?”

“ಚಾಕ್ಕೂ ಕಾರಣ ಬೇಕೇನ್ರಿ?”

ಗುರುಬಸವ ಚಹಾ ಮುಟ್ಟಲಿಲ್ಲ. ಮೂರಕ್ಕೆ ಎರಡು ನಿಮಿಷವಿದ್ದಾಗ ನಲವತ್ತನೆಯ ಲಿಂಕು ಹೋಯಿತು.

ತಮ್ಮ ಕೋಣೆಯಲ್ಲೇ ಸೇರಿದ ಸಭೆಯಲ್ಲಿ ಪ್ರಿನ್ಸಿಪಾಲರು ಪೇಜ್ ತೆರೆದರು. ಅವನ ಹೊಲಸೆಲ್ಲ ಮಾಯವಾಗಿತ್ತು. ಗುರುಬಸವ ಬೆಳಗಿನಿಂದ ಮೊದಲ ಸಲ ಉಸಿರು ಬಿಟ್ಟ. ಆಗ ಪ್ರಿನ್ಸಿಪಾಲರ ಬೆರಳು, ಅವನು ಎಂದೂ ತೆರೆಯದ ಮೂಲೆಯೊಂದನ್ನು ಒತ್ತಿತು: ‘ಅತಿ ಹೆಚ್ಚು ಮಂದಿ ಉಳಿಸಿಕೊಂಡದ್ದು’.

ಲೇಖನದ ಹೆಸರು ‘ಎಲ್ಲರನ್ನೂ ಸಂಶಯಿಸುವ ಸಹೋದ್ಯೋಗಿಯೊಡನೆ ಬಾಳುವುದು ಹೇಗೆ?’ ಎರಡು ತಿಂಗಳ ಹಿಂದಿನಿಂದ ಒಬ್ಬೊಬ್ಬರಾಗಿ ಹನ್ನೊಂದು ಮಂದಿ ಉಳಿಸಿಕೊಂಡಿದ್ದರು. ಕಾಲೇಜಿನ ಸಿಬ್ಬಂದಿ ಒಟ್ಟು ಹನ್ನೆರಡು. ಹನ್ನೊಂದು ಮಂದಿಯೂ ಹಚ್ಚಿದ್ದ ಟ್ಯಾಗ್ ಒಂದೇ: ‘ಗುರುಬಸವ ಸರ್’.

ಲಿಂಗಸುಗೂರಿನ ಹಿರಿಯರು ಕನ್ನಡಕ ಏರಿಸಿ ನೋಡಿ, ಆ ಟ್ಯಾಗನ್ನು ಲೇಖಕರ ಹೆಸರೆಂದೇ ತಿಳಿದರು. “ಇಷ್ಟು ಮಂದಿ ಓದ್ಯಾರಂದ್ರ ದೊಡ್ಡ ತಜ್ಞರ ಇರಬೇಕು. ಇವರನ್ನ ನಮ್ಮ ಕಾಲೇಜಿಗೆ ನಾಕು ದಿನ ಕಳಿಸಿಕೊಡ್ತೀರೇನ್ರಿ?”

ಪ್ರಿನ್ಸಿಪಾಲರು ಸಹಿಯಿಲ್ಲದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

“ಒಯ್ರಿ ಒಯ್ರಿ. ತಿರುಗಿ ಕಳಿಸೋ ಅವಸರೇನಿಲ್ಲ.”