ನಮ್ಮ ಜೀಪಿನ ಗೊರಕೆ

ಸ್ವಂತ ಗೊರಕೆಯೂ ಸ್ವಂತ ಗಾಡಿಯ ಶಬ್ದವೂ ಯಜಮಾನನಿಗೆ ಕೇಳಿಸುವುದಿಲ್ಲ. ಎರಡನ್ನೂ ಹೆಂಡತಿಯೇ ಹೇಳಬೇಕು. ಹೇಳಿದರೆ ನಾವು ಒಪ್ಪುವುದಿಲ್ಲ. ನಮ್ಮ ಹಳೆಯ ಫೋರ್‌ವೀಲ್ ಪಿಕಪ್ ಜೀಪಿನ ಮುಂದುಗಡೆಯಿಂದ ‘ಗೊಂಯ್’ ಎಂದು ಸದ್ದು ಬರುತ್ತಿದೆಯೆಂದು ಸರೋಜ ಹೇಳಿದಾಗ, “ಹಿಂದೆ ಕೊಪ್ಪರಿಗೆ ಅಲ್ಲಾಡ್ತಿರ್ಬೇಕು” ಎಂದು ತಳ್ಳಿಹಾಕಿದೆ. ಅವಳು ಮದುವೆ ಮುಂಜಿಗಳಿಗೆ ಅಡುಗೆ ಮಾಡುವವಳು. ನಾನು ಅವಳನ್ನೂ ಪಾತ್ರೆಗಳನ್ನೂ ಕೊಪ್ಪ, ಶೃಂಗೇರಿ ಸೀಮೆಯ ಏರುಗಳಿಗೆ ಹತ್ತಿಸುವವನು. ಏನು ಸದ್ದಾದರೂ ಪಾತ್ರೆಯ ತಲೆಗೆ ಕಟ್ಟುವುದು ನನಗೆ ರೂಢಿ. “ಇವತ್ತು ಪಾತ್ರೆನೇ ಹಾಕಿಲ್ಲ ಮಾರಾಯ್ರೆ” ಎಂದಳು.

ನಮ್ಮ ಕಡೆ ಜೀಪಿಗೆ ಹತ್ತಿಸಿಕೊಂಡವರು ಯಾರೂ ಸಲಹೆ ಕೊಡದೆ ಇಳಿಯುವುದಿಲ್ಲ. ಮೆಣಸೆಯಲ್ಲಿ ಹತ್ತಿದ ಹಿರಿಯರು ಟಯರು ಎಂದರು. ಪುರೋಹಿತರೊಬ್ಬರು ಕಣ್ಣು ಮುಚ್ಚಿ ಆಲಿಸಿ ಸೈಲೆನ್ಸರ್ ಎಂದರು. ಅದು ಹಿಂದುಗಡೆ ಇರುತ್ತದೆಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಟಯರು ಬದಲಿಸಿದೆ. ಗೊಂಯ್ ಎನ್ನುತ್ತಿದ್ದದ್ದು ಗೊಂಯ್‌ಯ್ಯೋ ಎಂದಿತು. “ನಂಗಿನ್ನು ಆಗಲ್ಲ. ನರಸಿಂಹರಾಜಪುರದ ಮದುವೆಗೆ ತಮ್ಮನ ವ್ಯಾನಲ್ಲೇ ಹೋಗ್ತೀನಿ” ಎಂದು ಸರೋಜ ಹೇಳಿಬಿಟ್ಟಳು. ಮದುವೆಯಾದಾಗಿನಿಂದ ಎಡಗಡೆಯ ಸೀಟು ಅವಳದು. ಅದು ಖಾಲಿಯಾದರೆ ನಾನು ಬರೀ ಪಾತ್ರೆ ಹೊರುವವನಾಗಿಬಿಡುತ್ತೇನೆ.

ಮರುದಿನವೇ ಕೊಪ್ಪದ ಮೆಕ್ಯಾನಿಕ್ ದಿನೇಶಣ್ಣನ ಶೆಡ್ಡಿಗೆ ಹೋದೆ. ಅವನು ಪಕ್ಕದ ನಾರ್ವೆ ಊರಿನತ್ತ ಒಂದು ಸುತ್ತು ಓಡಿಸಿ, ಜಾಕ್ ಕೊಟ್ಟು ಎತ್ತಿ, ಮುಂದಿನ ಚಕ್ರಗಳ ನಡುವೆ ಗುಂಡಗೆ ಕುಳಿತಿರುವ ಡಿಫರೆನ್ಷಿಯಲ್ಲಿನ ಆಯಿಲ್ ಇಳಿಸಿದ. ಅದರಲ್ಲಿ ಜರಿಸೀರೆಯಂತೆ ಕಬ್ಬಿಣದ ಚೂರುಗಳು ಮಿನುಗುತ್ತಿದ್ದವು.

“ಬೇರಿಂಗ್ ಹೋಗಿದೆ, ಹಲ್ಲೂ ಸವೆದಿದೆ. ಟಾರ್ ರೋಡಲ್ಲೂ ಫೋರ್‌ವೀಲ್ ಹಾಕ್ಕೊಂಡೇ ಓಡಿಸ್ತೀರಾ?”

“ಛೆ, ಏರು ಸಿಕ್ಕಿದ್ರೆ ಮಾತ್ರ.”

“ಬರುವಾಗ ಬಿದ್ದೇ ಇತ್ತಲ್ಲ ಮಾರಾಯ್ರೆ! ಸ್ಟೇರಿಂಗ್ ಭಾರ ಅನ್ಸಿಲ್ವಾ?”

ಅನ್ನಿಸಿತ್ತು. ಅದನ್ನು ನನ್ನ ವಯಸ್ಸಿನ ತಲೆಗೆ ಕಟ್ಟಿದ್ದೆ. ಅಷ್ಟರಲ್ಲಿ ದಿನೇಶಣ್ಣ ಒಳಗೆ ಬಗ್ಗಿ ನೋಡಿ ನಕ್ಕ. ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಕೊಡುವ ಸಣ್ಣ ಲಿವರನ್ನು ಹಿಂದಕ್ಕೆ ಎಳೆದರೆ ಫೋರ್‌ವೀಲ್ ಬೀಳುತ್ತದೆ. ಆ ಲಿವರಿಗೇ, ದಾರಿಗೆಂದು ಕುರುಕಲು ತುಂಬಿಡುವ ಸರೋಜಳ ಬಟ್ಟೆಚೀಲ ನೇತಾಡುತ್ತಿತ್ತು. “ನೋಡಿ, ಕಳ್ಳ ಇಲ್ಲೇ ಇದ್ದಾನೆ!”

ಹೇಳಬಾರದು, ಆದರೂ ಹೇಳುತ್ತೇನೆ: ನನಗೆ ಭಾರೀ ಸಂತೋಷವಾಯಿತು. ತಪ್ಪು ಅವಳ ಚೀಲದ್ದು! ಕ್ಷಮಿಸುವ ಅವಕಾಶ ಗಂಡಂದಿರಿಗೆ ಸಿಗುವುದೇ ಅಪರೂಪ. ಬೇರಿಂಗು, ಹಲ್ಲಿನ ಚಕ್ರಗಳನ್ನು ಬದಲಿಸಿ ಹೊಸ ಆಯಿಲ್ ತುಂಬುವಾಗ, ಚೀಲಕ್ಕೆಂದು ಡ್ಯಾಶ್‌ಬೋರ್ಡಿಗೆ ಒಂದು ಕೊಕ್ಕೆಯನ್ನೂ ಹೊಡೆಸಿದೆ.

ಮದುವೆಯ ಹಿಂದಿನ ದಿನ ಸರೋಜ ಅನುಮಾನದಿಂದಲೇ ಹತ್ತಿದಳು. ಜೀಪು ತುಟಿಪಿಟಕ್ಕೆನ್ನದೆ ಹೊರಟಿತು. ಅವಳ ಮುಖ ಅರಳಿತು, ನನಗೆ ಹಾಡಬೇಕೆನಿಸಿತು.

“ಇದೆಂತಕ್ಕೆ ಕೊಕ್ಕೆ?”

“ನಿನ್ನ ಚೀಲಕ್ಕೆ. ಲಿವರ್‌ಗೆ ನೇತು ಹಾಕಿ ಹಾಕಿ ಡಿಫರೆನ್ಷಿಯಲ್ ಹೋಗಿತ್ತಂತೆ. ನಿನ್ನ ತಪ್ಪು ಅಂತ ನಾನೇನೂ ಹೇಳ್ತಿಲ್ಲ.”

ಅವಳು ಚೀಲವನ್ನು ಕೊಕ್ಕೆಗೆ ಹಾಕಿದಳು. ಕೊಪ್ಪ ದಾಟಿ ರಸ್ತೆ ನೆಟ್ಟಗಾದ ಕೂಡಲೇ ನನ್ನ ಎಡಗೈ ತಾನಾಗಿಯೇ ಲಿವರಿನ ಕಡೆ ಇಳಿದು, ಚೀಲಕ್ಕೆ ತಡಕಿ ಲಿವರನ್ನೇ ಹಿಂದಕ್ಕೆ ಎಳೆಯಹೊರಟಿತು. ಅವಳು ಗಪ್ಪನೆ ಮಣಿಕಟ್ಟು ಹಿಡಿದಳು.

“ಚೀಲ ಅದರ ಪಾಡಿಗೆ ನೇತಾಡ್ತಿತ್ತು ರೀ. ಒಳ್ಳೆ ರೋಡು ಸಿಕ್ಕಿದ ಕೂಡ್ಲೆ ಕೋಡುಬಳೆಗೆ ಕೈ ಹಾಕಿ ಎಳೀತಿದ್ದದ್ದು ಯಾರು?”

ನಾನು ಎಡಗೈಯನ್ನು ಮೆಲ್ಲಗೆ ಸ್ಟೇರಿಂಗಿಗೆ ತಂದೆ. ಅವಳು ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡು ಹೊಸ ಕಾನೂನು ಮಾಡಿದಳು: ಎರಡೂ ಕೈ ಸ್ಟೇರಿಂಗಿನ ಮೇಲಿದ್ದರೆ ಮಾತ್ರ ಕೋಡುಬಳೆ, ಅದನ್ನೂ ಅವಳೇ ನನ್ನ ಬಾಯಿಗೆ ಹಾಕುವುದು. ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಎದುರು, ಬಸ್ಸಿಗೆ ಕಾಯುತ್ತಿದ್ದ ಅಷ್ಟೂ ಜನ ನೋಡುತ್ತಿರುವಾಗ, ನಾನು ಬಾಯಿ ತೆರೆದೆ.