ಹುಬ್ಬಳ್ಳಿಗೆ ಕೇಳಿಸಿದ ಸುದ್ದಿ

ಈಶಪ್ಪನ ಹೆಂಡತಿಯ ಅಣ್ಣ ದ್ಯಾಮಪ್ಪನಿಗೆ ಅಭಿಪ್ರಾಯವಿಲ್ಲದ ವಸ್ತು ಈ ಲೋಕದಲ್ಲಿ ಇರಲಿಲ್ಲ. ಅವನು ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ವರ್ಷವಿಡೀ ಸಾವಕಾರನೆದುರು ಬಾಯಿ ಮುಚ್ಚಿಕೊಂಡು ಸೀರೆ ಮಡಚುತ್ತಿದ್ದುದರಿಂದ ಅಭಿಪ್ರಾಯಗಳೆಲ್ಲ ಒಳಗೇ ಹುಳಿಯೆದ್ದು, ಬೇಸಿಗೆಯಲ್ಲಿ ಗಜೇಂದ್ರಗಡದ ತಂಗಿಯ ಮನೆಗೆ ಬಂದ ಕೂಡಲೆ ಉಕ್ಕುತ್ತಿದ್ದವು. ಹಿಟ್ಟಿನ ಗಿರಣಿ ಬಂದ ಮೇಲೆ ರೊಟ್ಟಿಯಲ್ಲಿ ಕಸುವು ಉಳಿದಿಲ್ಲ. ವನಸ್ಪತಿ ತುಪ್ಪ ತಿಂದರೆ ಕಣ್ಣು ಹೋಗುತ್ತವೆ. ನಯಾ ಪೈಸೆ ಎಂಬುದು ಬಡವರ ಲೆಕ್ಕ ತಪ್ಪಿಸಲು ದಿಲ್ಲಿಯವರು ಹೂಡಿದ ಆಟ. ಮುಂಬಯಿ ರಾಜ್ಯದಲ್ಲಿದ್ದಾಗ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮೈಸೂರಿಗೆ ಸೇರಿದ ಮೇಲೆ ಅದಕ್ಕೂ ಸೋಮಾರಿತನ ಬಂದಿದೆ. ಇದನ್ನೆಲ್ಲ ಅವನು ಈಶಪ್ಪನ ಹೊರಸಿನ ಮೇಲೆ ಮಲಗಿ, ಈಶಪ್ಪನ ಎಲೆ ಅಡಿಕೆ ಮೆಲ್ಲುತ್ತ, ಈಶಪ್ಪನಿಗೇ ಹೇಳುತ್ತಿದ್ದ. ಹೋದ ವರ್ಷ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವನು ಮಳೆ ಬೀಳುವವರೆಗೂ ಕದಲಿರಲಿಲ್ಲ. ಈಶಪ್ಪ ಆ ಬೇಸಿಗೆ ಪೂರ್ತಿ ನೆಲದ ಮೇಲೆ ಮಲಗಿದ್ದ.

ಆದ್ದರಿಂದ ಬಸ್ಸಿನ ಕಂಡಕ್ಟರ ಇಮಾಮಸಾಬ ಬಾಗಿಲಲ್ಲಿ ನಿಂತು, "ನಾಳೆ ಸಂಜಿ ಬಸ್ಸಿಗೆ ಹುಬ್ಬಳ್ಳಿಯಿಂದ ನಿಮ್ಮ ಭಾವಾರು ಮಂದಿ ಮಕ್ಕಳ ಸಮೇತ ಬರ್ತಾರಂತ್ರಿ" ಎಂದಾಗ ಈಶಪ್ಪನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಹೆಂಡತಿ ಗೌರವ್ವ ಮಾತ್ರ ಆಗಲೇ ಹೋಳಿಗೆಗೆ ಬೇಳೆ ಆರಿಸಲು ಕುಳಿತಳು.

ಮರುದಿನ ಸಂತೆ. ಈಶಪ್ಪ ಡಾಕ್ಟರ ವಾಸುದೇವರಾಯರ ದವಾಖಾನೆಯಲ್ಲಿ ಕಂಪೌಂಡರ. ಎಂದರೆ ಬಾಟಲಿಗೆ ಕೆಂಪು ಔಷಧ ತುಂಬಿ, ಹೊರಗೆ ಒಂದೊಂದು ಗುಟುಕಿನ ಅಳತೆ ತೋರಿಸುವ ಕಾಗದ ಅಂಟಿಸುವವನು. ಡಾಕ್ಟರರು ಅಂದು ಮುಂಜಾನೆಯೇ ಗದಗಿಗೆ ಹೋಗಿದ್ದರು. ಬಾಟಲಿ ತೊಳೆಯುತ್ತ ಕುಳಿತ ಈಶಪ್ಪನಿಗೆ ಥಟ್ಟನೆ ಅಂದಾನಪ್ಪ ಶೆಟ್ಟರ ಫೋನು ನೆನಪಾಯಿತು. ದ್ಯಾಮಪ್ಪನ ಅಂಗಡಿಯಲ್ಲೂ ಒಂದು ಫೋನಿದೆ. ಅವನೇ ಹತ್ತು ಸಲ ಹೇಳಿಕೊಂಡಿದ್ದ. ಗೌರವ್ವನ ಕಿವಿಗೆ ಬೀಳದಂತೆ ಒಂದು ಮಾತು ಹೇಳಿಬಿಟ್ಟರೆ ಬೇಸಿಗೆ ಉಳಿಯುತ್ತದೆ, ಹೊರಸೂ ಉಳಿಯುತ್ತದೆ. ಈಶಪ್ಪ ಕೈ ಒರೆಸಿಕೊಂಡು ಎದ್ದ.

ಶೆಟ್ಟರು ಹತ್ತಿ, ಶೇಂಗಾ ಅಡತಿ ವ್ಯಾಪಾರಿಗಳು. ಮುಂದಿನ ಚುನಾವಣೆಗೆ ನಿಲ್ಲುವ ಆಸೆಯೂ ಇತ್ತು. ಆ ಪೇಟೆಗೆ ಮೊದಲ ಫೋನು ಅವರ ಅಂಗಡಿಯದೇ. ಆ ಕರಿಯ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಹೂವಿನ ಮಾಲೆ ಹಾಕಿ, ಲಕ್ಷ್ಮಿಯ ಪಟದ ಕೆಳಗೆ ಕೂಡಿಸಿದ್ದರು. ದಿನಾಲು ಪೇಟೆ ತುಂಬುವ ಹೊತ್ತಿಗೆ ಶೆಟ್ಟರು ಅದರ ಹಿಡಿಕೆ ತಿರುವಿ, "ಹಲೋ, ಬೊಂಬಾಯಿ?" ಎನ್ನುವರು. ಕಟ್ಟೆಯ ಮೇಲೆ ಪುರಾಣಕ್ಕೆ ಕುಳಿತಂತೆ ಮಂದಿ ಕುಳಿತಿರುತ್ತಿದ್ದರು. ಶೆಟ್ಟರು ಹೂಂಗುಟ್ಟಿ, ತಲೆಯಾಡಿಸಿ, ಫೋನು ಕೆಳಗಿಟ್ಟು, "ಹತ್ತಿ ಏರತೈತಂತ. ಮಂತ್ರಿಮಂಡಲ ಬೀಳತೈತಂತ" ಎಂದು ಫಲ ಹೇಳುವರು. ಹತ್ತಿ ಏರಲಿಲ್ಲ, ಮಂತ್ರಿಮಂಡಲ ಬೀಳಲಿಲ್ಲ. ಶೆಟ್ಟರು ಮಾತ್ರ ಏರುತ್ತಲೇ ಇದ್ದರು.

ಈಶಪ್ಪ ಹೋದಾಗ ಎದುರಿನ ಚಹಾದಂಗಡಿಯ ಹೂವಪ್ಪ ಹೊಸ್ತಿಲಲ್ಲಿ ನಿಂತು ವಾದಿಸುತ್ತಿದ್ದ. ಊರಿನಲ್ಲಿ ಶೆಟ್ಟರಿಗೆ ವಿರೋಧ ಪಕ್ಷವೆಂದರೆ ಅವನೊಬ್ಬನೇ.

"ಸರಕಾರ ಊರೂರಿಗೆ ಫೋನ್ ಯಾಕ ಹಾಕಸ್ತೈತಿ ಗೊತ್ತೇನ? ನಾವು ಏನ್ ಮಾತಾಡತೀವಿ ಅಂತ ದಿಲ್ಲ್ಯಾಗ ಕುಂತು ಕೇಳಾಕ!"

"ನಿನ್ನ ಮಾತು ಕೇಳಾಕ ಫೋನ್ ಯಾಕ ಬೇಕೋ? ನೀ ಇಲ್ಲಿ ಬಾಯಿ ತಗದ್ರ ಬಾಜೂಕಿನ ಊರು ಸೂಡಿಗೆ ಕೇಳತೈತಿ" ಎಂದರು ಶೆಟ್ಟರು. ಮಂದಿ ನಕ್ಕಿತು.

ಅದೇ ಸಮಯವೆಂದು ಈಶಪ್ಪ ಕೈ ಜೋಡಿಸಿದ. "ಶೆಟ್ಟರ, ಹುಬ್ಬಳ್ಳಿಗೆ ಒಂದ ಮಾತ ಹೇಳೂದಿತ್ರಿ. ಭಾಳ ಜರೂರ."

ಶೆಟ್ಟರ ನಗು ಅರ್ಧಕ್ಕೇ ನಿಂತಿತು. "ಈಗ ಆಗಂಗಿಲ್ಲಪಾ. ಲೈನ್ ಖಾಲಿ ಇಲ್ಲ."

"ಈಗರ ಬೊಂಬಾಯಿ ಕೂಡ ಮಾತಾಡಿ ಇಟ್ರೆಲ್ರಿ" ಎಂದ ಹೂವಪ್ಪ. "ಬಡವರು ಮುಟ್ಟಿದ್ರ ಫೋನ್ ಮೈಲಿಗಿ ಆಗತೈತೇನು? ಓಟ ಕೇಳಾಕ ಬಂದಾಗ ಕಾಲ ಹಿಡೀತೀರಿ, ಈಗ ಕಿವಿ ಕೊಡಂಗಿಲ್ಲ?"

ಕಟ್ಟೆಯ ಮೇಲಿನ ತಲೆಗಳೆಲ್ಲ ಶೆಟ್ಟರತ್ತ ತಿರುಗಿದವು. ಪ್ರತಿಯೊಂದು ತಲೆಯೂ ಒಂದೊಂದು ಓಟು. ಶೆಟ್ಟರು ಹಿಡಿಕೆ ತಿರುವಿ, "ಹಲೋ, ಹುಬ್ಬಳ್ಳಿ?" ಎಂದರು. ಆಮೇಲೆ ಈಶಪ್ಪನ ಕಡೆ ಫೋನು ಚಾಚಿದರು. "ತಗೋ, ಸಿಕ್ಕತು. ಆದ್ರ ಇವತ್ತ ಗಾಳಿ ಜೋರ ಐತಿ. ನಿನ್ನ ಮಾತು ಅವರಿಗೆ ಮುಟ್ಟತೈತಿ, ಅವರ ಮಾತು ನಿನಗ ಮುಟ್ಟಂಗಿಲ್ಲ. ಜೋರಲೇ ಹೇಳು."

ಈಶಪ್ಪ ಕಿವಿಗೆ ಹಿಡಿದ. ಖಾಲಿ ತಂಬಿಗೆಯ ಬಾಯಿಗೆ ಕಿವಿಯಿಟ್ಟಂತಾಯಿತು. ಗುಟ್ಟಾಗಿ ಹೇಳಬೇಕೆಂದು ಬಂದ ಮಾತನ್ನು ಸಂತೆಯ ನಡುವೆ ಕೂಗಬೇಕಾಗಿ ಬಂತು.

"ಹಲೋ! ದ್ಯಾಮಪ್ಪಗ ಹೇಳ್ರಿ! ಗಜೇಂದ್ರಗಡಕ್ಕ ಬರಬ್ಯಾಡ ಅನ್ರಿ!"

"ಕಾರಣ ಹೇಳೋ" ಎಂದಿತು ಕಟ್ಟೆಯ ಮೇಲಿನ ಒಂದು ಪರೋಪಕಾರಿ ಧ್ವನಿ. "ಕಾರಣ ಇಲ್ದ ಯಾರ ಕೇಳತಾರ?"

ಈಶಪ್ಪ ಕಾರಣವನ್ನೇ ಯೋಚಿಸಿ ಬಂದಿರಲಿಲ್ಲ. ದವಾಖಾನೆಯಲ್ಲಿ ಪಳಗಿದ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಊರಾಗ ಕಾಲರಾ ಬಂದೈತಿ ಅನ್ರಿ! ಕಾಲರಾ!"

ಕಟ್ಟೆಯ ಮೇಲಿನ ಮಂದಿ ಎದ್ದು ನಿಂತಿತು. "ಏನಂದ್ರೋ ಹುಬ್ಬಳ್ಳ್ಯಾವ್ರು?" ಎಂದು ಯಾರೋ ಕೇಳಿದರು. ಶೆಟ್ಟರು ದಿನಾಲು ಬೊಂಬಾಯಿಯನ್ನೇ ಕೇಳುತ್ತಿರುವಾಗ ತನಗೆ ಹುಬ್ಬಳ್ಳಿಯೂ ಕೇಳಲಿಲ್ಲವೆಂದರೆ ಮರ್ಯಾದೆ ಏನು ಉಳಿಯಿತು? ಈಶಪ್ಪ ಎದೆ ಸೆಟೆಸಿ ಹೇಳಿದ: "ಹೂಂ ಅಂದ್ರು. ಬರಂಗಿಲ್ಲ ಅಂದ್ರು."

ಅಷ್ಟೇ. ಕಟ್ಟೆ ಖಾಲಿಯಾಯಿತು.

ಇದೇ ಮಾತನ್ನು ಈಶಪ್ಪ ಮುಖಾಮುಖಿ ಹೇಳಿದ್ದರೆ ನಾಯಿಯೂ ಕಿವಿ ನಿಮಿರಿಸುತ್ತಿರಲಿಲ್ಲ. ಆದರೆ ಅದು ಫೋನಿನೊಳಗೆ ಹೋಗಿತ್ತು. "ಫೋನಿನ್ಯಾಗ ಯಾರರ ಸುಳ್ಳ ಹೇಳತಾರೇನ? ರೊಕ್ಕ ಹತ್ತತೈತಿ!" ಎಂಬ ತರ್ಕದ ಮುಂದೆ ಊರಿನ ಬುದ್ಧಿಯೆಲ್ಲ ಮಂಡಿಯೂರಿತು. ಅದೂ ಹೇಳಿದವನು ದವಾಖಾನೆಯ ಮನುಷ್ಯ. ಸಂತೆಗೆ ಬಂದವರು ಅರ್ಧ ತೂಗಿಸಿದ ಕಾಳನ್ನು ಬಿಟ್ಟು ಗಾಡಿ ಹೂಡಿದರು. ಮದರಸಾಬ ಮಾರಲು ಹೆಚ್ಚಿಟ್ಟ ಕಲ್ಲಂಗಡಿ ಹೋಳುಗಳ ಮೇಲೆ, ರೋಗ ಹರಡಬಾರದೆಂದು, ನಾಲ್ಕು ಮಂದಿ ಬೂದಿ ಸುರಿದು ದೇಶಸೇವೆ ಮಾಡಿದರು. ರಾಜಕೀಯವೂ ಹಿಂದೆ ಬೀಳಲಿಲ್ಲ. ಕಾಲರಾ ಹೂವಪ್ಪನ ಚಹಾದ ಕಪ್ಪು ಬಸಿಯಿಂದ ಹುಟ್ಟಿತೆಂದು ಶೆಟ್ಟರ ಮಂದಿ, ಶೆಟ್ಟರ ಗೋದಾಮಿನ ಹಿಂದಿನ ಬಾವಿಯಿಂದ ಹುಟ್ಟಿತೆಂದು ಹೂವಪ್ಪ. ಕಾಲರಾ ಇದೆಯೋ ಇಲ್ಲವೋ ಎಂದು ಎರಡು ಪಕ್ಷದವರೂ ಕೇಳಲಿಲ್ಲ. ಅದು ಯಾರದೆಂಬುದಷ್ಟೇ ಅವರಿಗೆ ಬೇಕಾಗಿತ್ತು.

ಈಶಪ್ಪ ದವಾಖಾನೆ ಮುಟ್ಟುವಷ್ಟರಲ್ಲಿ ಬಾಗಿಲ ಮುಂದೆ ಜಾತ್ರೆ ಸೇರಿತ್ತು.

"ಅಣ್ಣಾರ, ಕಾಲರಾ ಗೀಲರಾ ಏನೂ ಇಲ್ರಿ. ನಾ ಸುಮ್ನ ಅಂದೆ. ಮನಿಗೆ ಹೋಗ್ರಿ!"

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಳವ್ವ ಎಂಬ ಮುದುಕಿ ತಲೆಯಾಡಿಸಿದಳು. "ನೋಡ್ರಿ, ಸರಕಾರದವರು ಆಗ್ಲೇ ಇವನ ಬಾಯಿ ಕಟ್ಟ್ಯಾರ. ಇಲ್ಲ ಅಂತ ಇಷ್ಟ ಜೋರಲೇ ಹೇಳಾಕತ್ತ್ಯಾನಂದ್ರ ಭಾಳ ಮಂದಿ ಸತ್ತಾರ."

ಈಶಪ್ಪ ಆಣೆ ಇಟ್ಟ. ಮಂದಿ ಇನ್ನಷ್ಟು ಹೆದರಿತು. ಕೊನೆಗೆ ಅವನು ಕೆಂಪು ಔಷಧಕ್ಕೆ ಕೊಡಗಟ್ಟಲೆ ನೀರು ಬೆರೆಸಿ ಎಲ್ಲರಿಗೂ ಗುಟುಕು ಗುಟುಕು ಹಂಚಿದ. ಕುಡಿದವರಲ್ಲಿ ಟಾಂಗಾದ ಟಿಪ್ಪುಸಾಬ ಮುಂಜಾನೆಯಿಂದ ಹಸಿ ಶೇಂಗಾ ಮುಕ್ಕಿದ್ದ. ಗುಟುಕು ಒಳಗೆ ಇಳಿದದ್ದೇ ತಡ, ಅಂಗಳದಲ್ಲೇ ವಾಂತಿ ಮಾಡಿದ.

"ಬಂತೋ! ಬಂತು!"

ಜನ ಚೆಲ್ಲಾಪಿಲ್ಲಿಯಾಗಿ ಓಡಿತು. ಟಿಪ್ಪುಸಾಬನೂ ತನ್ನಿಂದ ತಾನೇ ತಪ್ಪಿಸಿಕೊಳ್ಳುವವನಂತೆ ಓಡಿದ. ಒಬ್ಬನೇ ಉಳಿದ ಈಶಪ್ಪನ ಹೊಟ್ಟೆಯಲ್ಲೂ ಏನೋ ಗುಳುಗುಳು ಎಂದಿತು. ಇಷ್ಟು ಮಂದಿ ಹೇಳುತ್ತಾರೆಂದ ಮೇಲೆ? ಅವನು ಅತ್ತಿತ್ತ ನೋಡಿ, ತಾನೂ ಎರಡು ಗುಟುಕು ಕುಡಿದ.

ಆ ಊರಿನಲ್ಲಿ ಕಾಲರಾ ನಂಬದ ಒಂದೇ ಜೀವ ಸೆರಗು ಬಿಗಿದುಕೊಂಡು ಮಧ್ಯಾಹ್ನ ದವಾಖಾನೆಗೆ ಬಂತು.

"ಏನ್ರಿ, ನಮ್ಮ ಅಣ್ಣಗ ಬರಬ್ಯಾಡ ಅಂದೀರಂತ?"

"ಊರಾಗ ಕಾಲರಾ ಐತಿ ಗೌರೀ..."

"ನಾಕ ಮಂದಿ ಓಡಿದ್ರ ನಂಬಾಕ ನಾ ಊರ ಮಂದಿ ಅಲ್ಲ, ನಿಮ್ಮ ಹೆಂಡ್ತಿ ಅದೀನಿ" ಎಂದಳು ಗೌರವ್ವ. "ಹೂರಣ ಕುದ್ದೈತಿ. ನಮ್ಮ ಅಣ್ಣ ಬರಲಿಲ್ಲಂದ್ರ ಅದನ್ನ ನಿಮಗೂ ಹಾಕಂಗಿಲ್ಲ. ಈ ವರ್ಷ ಅಲ್ಲ, ಮುಂದಿನ ವರ್ಷಾನೂ ಹಾಕಂಗಿಲ್ಲ."

ಅವಳು ಹೋದ ಮೇಲೆ ಈಶಪ್ಪ ಸಮಾಧಾನ ತಂದುಕೊಂಡ. ಹೂರಣ ಹೋದರೆ ಹೋಗಲಿ, ಹೊರಸು ಉಳಿಯಿತು.

ಸಂಜೆ ಬಸ್ಸಿಗೆ ಊರು ಬಿಡುವವರ ಗುಂಪು ದೊಡ್ಡದಾಗಿತ್ತು. ಹೆಂಡತಿ ಮಕ್ಕಳನ್ನು ತವರಿಗೆ ಸಾಗಿಸಲು ಶೆಟ್ಟರೂ ಬಂದಿದ್ದರು. ತಾನು ಗೆದ್ದದ್ದನ್ನು ಕಣ್ಣಾರೆ ಕಾಣಬೇಕೆಂದು ಈಶಪ್ಪ ಒಂದು ಬದಿಗೆ ನಿಂತಿದ್ದ. ಬಸ್ಸು ಬಂತು. ಮೊದಲು ಒಂದು ಹಾಸಿಗೆಯ ಗಂಟು ಇಳಿಯಿತು. ಆಮೇಲೆ ಮಕ್ಕಳು, ಅವರ ಹಿಂದೆ ಅವರ ತಾಯಿ. ಎಲ್ಲರ ಹಿಂದೆ ದ್ಯಾಮಪ್ಪ, ಬಸ್ಸಿನ ಸೀಟಿನ ಬಗ್ಗೆ ಅಭಿಪ್ರಾಯ ಹೇಳುತ್ತಲೇ ಇಳಿದ.

"ಬರಬ್ಯಾಡ ಅಂತ ಫೋನ್ ಮಾಡಿದ್ನೆಲ್ಲೋ ಭಾವಾ!" ಈಶಪ್ಪನಿಗೆ ಅಳುವೇ ಬಂತು.

"ಯಾವ ಫೋನು? ಹೊರಡೂ ತನಕ ನಾ ಅಂಗಡ್ಯಾಗ ಇದ್ದೆ. ಅದು ಸೊಳ್ಳಿಯಂಗ ಗುಂಯ್ ಸುದ್ದಾ ಅನ್ನಲಿಲ್ಲ."

ಅವನ ಹಿಂದೆಯೇ ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಇಳಿದ ಲೈನಮನ್ ನಜೀರಸಾಬ ನಕ್ಕ. "ಹ್ಯಾಂಗ ಅಂತೈತ್ರಿ? ಶೆಟ್ಟರ ಫೋನಿನ ತಂತಿ ಇನ್ನೂ ಕೂಡಿಸೇ ಇಲ್ಲ. ಅದನ್ನ ಕೂಡಸಾಕ ನಾ ಈಗ ಬಂದೀನಿ."

ಮಂದಿಯೆಲ್ಲ ಶೆಟ್ಟರತ್ತ ನೋಡಿತು. ಶೆಟ್ಟರು ರುಮಾಲು ಸರಿಪಡಿಸಿಕೊಂಡರು. "ಕೂಡಸೂಕಿಂತ ಮೊದ್ಲೂ ಸ್ವಲ್ಪ ಸ್ವಲ್ಪ ಕೇಳತಿತ್ತು. ಬೇಕಾದ್ರ ಈಶಪ್ಪನ್ನ ಕೇಳ್ರಿ. ಮುಂಜಾನಿ ಹುಬ್ಬಳ್ಳ್ಯಾವ್ರು ಹೂಂ ಅಂದ್ರಿಲ್ಲೋ, ಈಶಪ್ಪಾ?"

ಈಶಪ್ಪ ಸುತ್ತ ನೋಡಿದ. ಸಂತೆ ಕಳೆದುಕೊಂಡವರು, ಕೆಂಪು ನೀರು ಕುಡಿದವರು, ಕಲ್ಲಂಗಡಿ ಹೋದ ಮದರಸಾಬ. ಕೇಳಲಿಲ್ಲವೆಂದರೆ ಮುಂಜಾನೆಯ ಮಾತೆಲ್ಲ ಸುಳ್ಳಾಗುತ್ತದೆ. ಸುಳ್ಳಾದರೆ ಎಲುಬು ಉಳಿಯುವುದಿಲ್ಲ.

"ಅಂದ್ರು" ಎಂದ ಈಶಪ್ಪ. ಶೆಟ್ಟರು ಚುನಾವಣೆಯನ್ನು ಅಲ್ಲೇ ಅರ್ಧ ಗೆದ್ದರು.

ಮನೆಯಲ್ಲಿ ಗೌರವ್ವ ಹೋಳಿಗೆಯ ಜೊತೆಗೆ ಅಣ್ಣನಿಗೆ ನಿಜವನ್ನೂ ಬಡಿಸಿದಳು. ದ್ಯಾಮಪ್ಪ ಸಿಟ್ಟಾಗಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಕನಿಕರದಿಂದ ನೋಡಿದ.

"ಈಶಪ್ಪಾರ, ನಾ ಬಂದದ್ದ ಒಂದ ರಾತ್ರಿಗೆ. ಮುಂಜಾನೆದ್ದು ಸೂಡಿಗೆ ಮದುವಿಗೆ ಹೋಗಿ, ಅಲ್ಲಿಂದ ಹಂಗ ಹುಬ್ಬಳ್ಳಿ. ಹಳೇ ಸಾವಕಾರ ತೀರಿಕೊಂಡ. ಈಗಿನವ ಅವನ ಮಗ. ಒಂದ ದಿವಸ ಹೆಚ್ಚಾದ್ರ ಕೆಲಸಾ ಬಿಡಸ್ತೇನಿ ಅಂದಾನ."

ಒಂದೇ ರಾತ್ರಿ! ಈಶಪ್ಪನಿಗೆ ಭಾವನ ಮೇಲೆ ಜೀವಮಾನದಲ್ಲೇ ಮೊದಲ ಸಲ ಪ್ರೀತಿ ಉಕ್ಕಿತು. ತನ್ನ ಪಾಲಿನ ಹೋಳಿಗೆಯನ್ನೂ ಎತ್ತಿ ಅವನ ತಾಟಿಗೆ ಹಾಕಿದ. ದ್ಯಾಮಪ್ಪ ಅದನ್ನು ಮುರಿಯುತ್ತ ಮುರಿಯುತ್ತ ನಿಧಾನವಾದ.

"ಆ ಸಾಬ ತಂತಿ ಯಾವಾಗ ಕೂಡಸ್ತಾನಂದ?"

ದೀಪ ಹಚ್ಚುವ ಹೊತ್ತಿಗೆ ಶೆಟ್ಟರ ಅಂಗಡಿಯಲ್ಲಿ ನಜೀರಸಾಬ ತಂತಿ ಬಿಗಿದು, ಹಿಡಿಕೆ ತಿರುವಿ, ಪಕ್ಕದಲ್ಲಿ ನಿಂತ ದ್ಯಾಮಪ್ಪ ಹೇಳಿದಂತೆ ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ ಲೈನ್ ಕೇಳಿದ. ತುಸು ಹೊತ್ತಿಗೆ ಪೆಟ್ಟಿಗೆ ಗಣಗಣ ಎಂದಿತು. ದಿನಾಲು ಬೊಂಬಾಯಿಯ ಕೂಡ ಮಾತಾಡುವ ಶೆಟ್ಟರು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದರು. ದ್ಯಾಮಪ್ಪ ಫೋನು ಎತ್ತಿಕೊಂಡ. ಧ್ವನಿಯನ್ನು ಸಾಯುವವನಂತೆ ಮಾಡಿಕೊಂಡ.

"ಸಾವಕಾರ್ರ, ನಾ ದ್ಯಾಮಪ್ಪರೀ. ಗಜೇಂದ್ರಗಡದಾಗ ಕಾಲರಾ ಬಂದೈತ್ರಿ. ಖರೇನ ರೀ! ನಮ್ಮ ತಂಗಿ ಗಂಡ ಇಲ್ಲಿ ದವಾಖಾನ್ಯಾಗ ಅದಾನ್ರಿ, ಅವನ ಹೇಳ್ಯಾನ. ಆದ್ರೂ ಕೆಲಸ ಬಿಡಬಾರ್ದಂತ ನಾಡದು ಅಂಗಡಿಗೆ ಬಂದು..."

ಈ ಸಲ ಹುಬ್ಬಳ್ಳಿಗೆ ಸ್ಪಷ್ಟವಾಗಿ ಕೇಳಿಸಿತು. ಹುಬ್ಬಳ್ಳಿಯ ಉತ್ತರವಂತೂ ಕಟ್ಟೆಯ ಮೇಲೆ ಕುಳಿತವರಿಗೂ ಕೇಳಿಸಿತು.

"ಏ, ಬರಬ್ಯಾಡ! ಅಲ್ಲೇ ಇರು! ಮಳಿ ಬೀಳೂ ತನಕ ಈ ಕಡೆ ಮುಖಾ ತೋರಿಸಬ್ಯಾಡ! ಪಗಾರ ಕಳಸ್ತೇನಿ!"

ದ್ಯಾಮಪ್ಪ ಫೋನನ್ನು ಮೆಲ್ಲಗೆ ಕೆಳಗಿಟ್ಟು, ಅದಕ್ಕೆ ಹಾಕಿದ್ದ ಮಾಲೆಯನ್ನು ಸರಿಮಾಡಿದ. ಮನೆಗೆ ಬಂದು ಹೊರಸಿನ ಮೇಲೆ ಕಾಲು ಚಾಚಿದ. ಈಶಪ್ಪ ಚಾಪೆ ಬಿಡಿಸಿ ನೆಲದ ಮೇಲೆ ಹಾಸಿಕೊಂಡ.

"ಈ ಫೋನು ಅಂಬೂದು ಐತೆಲ್ಲಾ, ಈಶಪ್ಪಾರ, ಭಾಳ ಚಲೋ ವಸ್ತು" ಎಂದ ದ್ಯಾಮಪ್ಪ.

ಯಂತ್ರವೊಂದರ ಬಗ್ಗೆ ಅವನು ಒಳ್ಳೆಯ ಅಭಿಪ್ರಾಯ ಕೊಟ್ಟದ್ದು ಅದೇ ಮೊದಲು. ವಿವರಗಳನ್ನು ಈಶಪ್ಪ ಮಳೆ ಬೀಳುವವರೆಗೂ ಕೇಳಿದ.