ಅಪ್ಪನ ಕ್ಷೌರದ ಕತ್ತಿ, ಪುಳ್ಳಿಯ ಕೆನ್ನೆ

ಉರ್ವದ ಆ ಓಣಿಯಲ್ಲಿ ಒಂದು ಮಾತಿತ್ತು: ಪೂವಪ್ಪಣ್ಣ ಹೊರಟರೆ ಗೇಟು ಹಾಕಬೇಡಿ, ಏನಾದರೂ ಮರೆತು ವಾಪಸು ಬಂದೇ ಬರುತ್ತಾರೆ. ಇವತ್ತು ಮಾತ್ರ ಅವರು ಹೊರಡುವ ಲಕ್ಷಣವೇ ಇರಲಿಲ್ಲ. ಮಗಳು ಹರ್ಷಿತಾ ಕಂಕನಾಡಿಯ ಆಸ್ಪತ್ರೆಯಲ್ಲಿ ಹೆತ್ತಿದ್ದಾಳೆ; ಮೊಮ್ಮಗು ಬಂದಿದೆ, ಇಲ್ಲಿನ ಮಾತಲ್ಲಿ ಪುಳ್ಳಿ. ಅಜ್ಜ ಇಲ್ಲಿ ಜಗಲಿಯಲ್ಲಿ ಕೂತು ಅಪ್ಪನ ಕಾಲದ ಕ್ಷೌರದ ಕತ್ತಿ ಮಸೆಯುತ್ತಿದ್ದಾರೆ. ರಾತ್ರಿಯೆಲ್ಲ ಮಗಳ ಜೊತೆಗಿದ್ದು ಬಂದ ಕುಮುದಿನಿಯಕ್ಕ ಬಾಣಂತಿಯ ಬುತ್ತಿ ಕಟ್ಟಿ ಕಾಯುತ್ತಿದ್ದಾರೆ.

ಕುಮುದಿನಿ: ಓಯ್, ಇನ್ನೂ ಆಗ್ಲಿಲ್ವಾ? ಒಂದು ಗಂಟೆಗೆ ವಾರ್ಡಿನ ಬಾಗಿಲು ಹಾಕ್ತಾರೆ!

ಪೂವಪ್ಪ: ಗಡ್ಡ ಚುಚ್ಚಿದ್ರೆ ಮಗು ಕೊಡುದಿಲ್ಲ ಅಂತ ನಿನ್ನ ಮಗಳೇ ಫೋನಲ್ಲಿ ಹೇಳಿದ್ದು. ಪುಳ್ಳಿಯ ಕೆನ್ನೆಗೆ ನನ್ನ ಕೆನ್ನೆ ತಾಗಿಸ್ಬೇಕು ಮಾರಾಯ್ತಿ.

ಕುಮುದಿನಿ: ಸೆಲೂನಿಗೆ ಹೋಗಿ.

ಪೂವಪ್ಪ: ಮಂಗಳವಾರ. ಬಂದ್.

ಕುಮುದಿನಿ: ಪ್ಲಾಸ್ಟಿಕ್ ರೇಜರ್ ಉಂಟಲ್ಲ?

ಪೂವಪ್ಪ: ಅದು ಗಡ್ಡವನ್ನು ಹೆದರಿಸ್ತದೆ, ತೆಗೆಯುದಿಲ್ಲ. ಅಪ್ಪನ ಕತ್ತಿಯಾದ್ರೆ ಕೆನ್ನೆ ಎಳನೀರಿನ ತಿರುಳಿನಷ್ಟು ನುಣುಪು, ಬೊಂಡದ ಗಂಜಿ!

ಕುಮುದಿನಿ: ಅಯ್ಯೋ, ಅದು ನನ್ನ ಮೀನುಕತ್ತಿ ಮಸೆಯುವ ಕಲ್ಲಲ್ವಾ? ಮಗು ಅಜ್ಜನನ್ನು ಮೂಸಿ ಮೀನು ಮಾರ್ಕೆಟು ಅಂತ ತಿಳ್ಕೊಳ್ತದೆ!

ಪೂವಪ್ಪ: ನಮ್ಮ ಮನೆಯ ಮಗು. ಮೊದಲು ಬಂಗುಡೆ ಗೊತ್ತಾಗ್ಲಿ, ಆಮೇಲೆ ಅಜ್ಜ.

ಪ್ಯಾಂಟಿನ ಬೆಲ್ಟು ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಅದರ ಮೇಲೆ ಕತ್ತಿಯನ್ನು ಆಚೀಚೆ ಉಜ್ಜಿ, ಹರಿತ ನೋಡಲು ಮುಂಗೈಯ ರೋಮಕ್ಕೆ ಇಟ್ಟರು. ರೋಮವೇ ಉಳಿದಿರಲಿಲ್ಲ.

ಕುಮುದಿನಿ: ಎಡಗೈ ಬೋಳು. ಬಲಗೈ ಬೋಳು. ಕಾಲು ತೋರ್ಸಿ... ಅದೂ ಬೋಳು! ಮುಖದಲ್ಲಿ ಮಾತ್ರ ಕಾಡು!

ಅಷ್ಟರಲ್ಲಿ ಪಕ್ಕದ ಮನೆಯ ಡೆನ್ಜಿಲ್ ಗೇಟು ತೆರೆದು ಬಂದ.

ಡೆನ್ಜಿಲ್: ಪೂವಪ್ಪಣ್ಣ, ಅಜ್ಜ ಆದ್ರಂತೆ! ಕಂಗ್ರಾಟ್ಸ್!

ಅವನು ಚಾಚಿದ ಕೈಯನ್ನು ಪೂವಪ್ಪಣ್ಣ ಗಟ್ಟಿಯಾಗಿ ಹಿಡಿದರು. ಸರಕ್ಕನೆ ಕತ್ತಿಯ ಒಂದು ಎಳೆತ.

ಡೆನ್ಜಿಲ್: ಎಂತ ಮಾರಾಯ್ರೇ! ಕೈ ಕುಲುಕ್ಲಿಕ್ಕೆ ಬಂದವನ ಕೈ ಬೋಳಿಸುದಾ?

ಪೂವಪ್ಪ: ಹರಿತ ಬಂತು!

ಕುಮುದಿನಿ: ಹಾಗಾದ್ರೆ ಮುಖಕ್ಕೆ ಇಡಿ.

ಕತ್ತಿ ಗಂಟಲಿನವರೆಗೆ ಹೋಯಿತು, ಪುನಃ ಬೆಲ್ಟಿಗೇ ಬಂತು.

ಪೂವಪ್ಪ: ಇನ್ನು ಸ್ವಲ್ಪ ಮಸೀಬೇಕು ಕಾಣ್ತದೆ.

ಕುಮುದಿನಿ: ನಿಮಗೆ ಹೆದರಿಕೆ!

ಪೂವಪ್ಪ: ಅಪ್ಪ ಬೋಳಿಸುದನ್ನು ನೋಡಿದ್ದೇನೆ ಅಷ್ಟೆ, ಮಾರಾಯ್ತಿ...

ಕುಮುದಿನಿ: ಕೊಡಿ ಇಲ್ಲಿ. ಕೂತ್ಕೊಳ್ಳಿ. ಎಷ್ಟು ಮೀನಿನ ಪೊರೆ ತೆಗೆದ ಕೈ ಇದು!

ಪೂವಪ್ಪ: ಅದಕ್ಕೇ ಹೆದರಿಕೆ. ಬಾಲದಿಂದ ತಲೆಗೆ ಎಳೀಬೇಡ!

ಕುಮುದಿನಿ: ಪೊರೆ ತೆಗೆಯುವಾಗ ಮೀನು ಮಾತಾಡುದಿಲ್ಲ.

ಸೋಪಿನ ನೊರೆಯ ಜೊತೆ ಗಡ್ಡ ಇಳಿಯಿತು. ಒಂದು ಗೀರೂ ಇಲ್ಲ. ಕುಮುದಿನಿಯಕ್ಕ ಅಂಗೈಯನ್ನು ಗಂಡನ ಕೆನ್ನೆಗೆ ಇಟ್ಟರು, ಬೇಗ ತೆಗೆಯಲಿಲ್ಲ.

ಕುಮುದಿನಿ: ಹೌದು. ಬೊಂಡದ ಗಂಜಿಯೇ.

ಪೂವಪ್ಪಣ್ಣ ಹಾರಿ ಎದ್ದು ಓಡಿದರು. ಸ್ಕೂಟರಿನ ಕೀಗೆಂದು ವಾಪಸು ಬಂದರು. ಬುತ್ತಿಗೆಂದು ಇನ್ನೊಮ್ಮೆ ಬಂದರು. ಸ್ಕೂಟರು ಓಣಿಯ ತಿರುವು ದಾಟಿತು. ಮತ್ತೆ ಅದರದೇ ಸದ್ದು.

ಡೆನ್ಜಿಲ್: ಇನ್ನೆಂತ ಬಾಕಿ?

ಪೂವಪ್ಪ: ಹೆಂಡತಿ.

ಕುಮುದಿನಿಯಕ್ಕ ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲಲ್ಲಿ ಕೂತೇ ಇದ್ದರು. ಹತ್ತಿದರು. ಸ್ಕೂಟರು ಹೊರಟಿತು. ಗೇಟಿಗೆ ಕೈ ಹಾಕಿದ ಡೆನ್ಜಿಲ್ ಕಿಟಕಿಯತ್ತ ನೋಡಿ ಕೂಗಿದ:

ಡೆನ್ಜಿಲ್: ಪೂವಪ್ಪಣ್ಣ, ಬೆಲ್ಟು!

ಕುಮುದಿನಿ: ತಿರುಗಿಸ್ಬೇಡಿ, ಹೋಗಿ! ಅಲ್ಲಿ ನೀವು ಮಗು ಹಿಡ್ಕೊಳ್ಳಿ, ಪ್ಯಾಂಟು ನಾನು ಹಿಡ್ಕೊಳ್ತೇನೆ.

ಡೆನ್ಜಿಲ್ ಗೇಟು ಹಾಕಿದ.